ಹಸಿವಿಲ್ಲದ ಹೊತ್ತಿನ ತುತ್ತು

ನಮ್ಮ ಮನೆಗಳಲ್ಲಿ ಸಲಾಂ ಹೇಳಿದ ಮೇಲೆ ಬರುವ ಎರಡನೇ ಮಾತು ಹೆಚ್ಚಾಗಿ ಒಂದೇ. ‘ಊಟ ಆಯ್ತಾ?’ ಆಗಿಲ್ಲ ಎಂದರೆ ಊಟ ಬರುತ್ತದೆ. ಆಗಿದೆ ಎಂದರೆ ಚಾ ಬರುತ್ತದೆ, ಚಾದ ಹಿಂದೆಯೇ ತಿಂಡಿಯ ತಟ್ಟೆ ಬರುತ್ತದೆ. ಹೇಗೂ ಬಾಯಿಗೆ ಏನೂ ಹಾಕದೆ ಎದ್ದು ಹೋಗಲು ದಾರಿ ಇಲ್ಲ. ಆದರೆ ‘ಹಸಿವಾಗಿದೆಯಾ?’ ಅಂತ ಕೇಳುವವರು ಎಷ್ಟು ಜನ? ಕೇಳಿದರೆ ಅದು ಮರ್ಯಾದೆಯೂ ಆಗುವುದಿಲ್ಲ. ಮನೆಗೆ ಬಂದವರ ಹತ್ತಿರ ಹಸಿವೆ ವಿಚಾರಿಸಿ ಬಡಿಸುವುದುಂಟಾ ಎಂದು ಹಿರಿಯರು ಗದರಿಸಿಯಾರು.

ಅತಿಥಿಯ ಮಟ್ಟಿಗೆ ಅದು ಸರಿಯೇ. ತೊಂದರೆ ಇರುವುದು ಬೇರೆ ಕಡೆ. ಆ ಪ್ರಶ್ನೆಯನ್ನು ನಾವು ನಮ್ಮ ಹತ್ತಿರವೂ ಕೇಳಿಕೊಳ್ಳುವುದಿಲ್ಲ.

ಒಂದು ಸಾಧಾರಣ ದಿನವನ್ನು ಲೆಕ್ಕ ಹಾಕಿ ನೋಡಿ. ಬೆಳಗ್ಗೆ ಪತ್ತಿರ್ ಅಥವಾ ನೀರುದೋಸೆ, ಜೊತೆಗೆ ನಿನ್ನೆಯ ಸಾರು. ಅದು ಹಸಿದು ತಿಂದದ್ದು, ಸಂಶಯವಿಲ್ಲ. ಮಕ್ಕಳು ಶಾಲೆಗೆ ಹೊರಟ ಮೇಲೆ ಅವರ ತಟ್ಟೆಯಲ್ಲಿ ಉಳಿದ ಅರ್ಧ ದೋಸೆ ಉಮ್ಮನ ಬಾಯಿಗೆ ಹೋಗುತ್ತದೆ. ಹನ್ನೊಂದು ಗಂಟೆಗೆ ಚಾ, ಎರಡು ಬಿಸ್ಕತ್ತು. ಅಡುಗೆ ಆಗುವಾಗ ರುಚಿ ನೋಡಲಿಕ್ಕೆಂದು ಹುರಿದ ಮೀನಿನ ಒಂದು ತುಂಡು. ಮಧ್ಯಾಹ್ನದ ಊಟ. ಅಸರ್ ಆದ ಮೇಲೆ ಮತ್ತೆ ಚಾ, ಅದರೊಂದಿಗೆ ಬನ್ಸೋ ಗೋಳಿಬಜೆಯೋ ಇಲ್ಲದಿದ್ದರೆ ಚಾ ಕುಡಿದ ಹಾಗೆಯೇ ಅಲ್ಲ. ನೆರೆಯವರು ಬಂದರೆ ಇನ್ನೊಂದು ಸುತ್ತು. ಇಶಾದ ನಂತರ ಊಟ. ಮಲಗುವ ಮುಂಚೆ ಮೊಬೈಲ್ ಹಿಡಿದು ಕೂತಾಗ ಗಲ್ಫಿನಿಂದ ಬಂದವರು ಕೊಟ್ಟ ಚಾಕಲೇಟು, ಹುರಿದ ಗೇರುಬೀಜ. ಒಟ್ಟು ಎಂಟೊಂಬತ್ತು ಸಲ ಬಾಯಿ ಆಡಿತು. ಹೊಟ್ಟೆ ಕೇಳಿದ್ದು ಮೂರು ಸಲ.

ಉಳಿದ ಐದಾರು ಸಲ ಕೇಳಿದ್ದು ಯಾರು? ಗಡಿಯಾರ ಕೇಳಿತು, ಕಪಾಟಿನ ಡಬ್ಬಿ ಕೇಳಿತು, ಬೇಸರ ಕೇಳಿತು, ‘ಹಾಳಾಗುತ್ತದಲ್ಲ’ ಎಂಬ ಸಂಕಟ ಕೇಳಿತು, ನೆಂಟರ ಮುಖ ಕೇಳಿತು. ಇದನ್ನು ಹೊಟ್ಟೆಬಾಕತನ ಅಂತ ಕರೆದರೆ ಅನ್ಯಾಯವಾಗುತ್ತದೆ. ಹೊಟ್ಟೆಬಾಕನಿಗೆ ತಾನು ತಿನ್ನುತ್ತಿದ್ದೇನೆ ಎಂದಾದರೂ ಗೊತ್ತಿರುತ್ತದೆ. ಇಲ್ಲಿ ಎಷ್ಟೋ ಸಲ ತಿಂದದ್ದೇ ಗೊತ್ತಾಗುವುದಿಲ್ಲ.

ಫ್ರಿಜ್ಜಿನ ಮೇಲಿನ ಮಾತ್ರೆಗಳು

ಇದೆಲ್ಲ ಯಾಕೆ ಈಗ ಅಂತ ಕೇಳಬಹುದು. ನಮ್ಮ ಹಿರಿಯರೂ ತಿಂದವರೇ ಅಲ್ಲವಾ? ತಿಂದವರು, ನಿಜ. ಆದರೆ ಅವರ ದಿನದಲ್ಲಿ ತೋಟ ಇತ್ತು, ದೋಣಿ ಇತ್ತು, ತಲೆಹೊರೆ ವ್ಯಾಪಾರ ಇತ್ತು, ಬಾವಿಯಿಂದ ನೀರು ಸೇದುವುದಿತ್ತು, ಅರೆಯುವ ಕಲ್ಲು ಇತ್ತು. ಬಿರಿಯಾನಿ, ನೈಚೋರು ಹಬ್ಬಕ್ಕೂ ಮದುವೆಗೂ ಮಾತ್ರ ಕಾಣುತ್ತಿದ್ದವು. ಈಗ ದೇಹದ ಕೆಲಸ ಕಡಿಮೆಯಾಗಿದೆ, ತಿನ್ನುವ ಸಂದರ್ಭಗಳು ಹೆಚ್ಚಿವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ ದೇಶವ್ಯಾಪಿ ಅಧ್ಯಯನದ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಶುಗರ್ ಕಾಯಿಲೆ ಇರುವವರು ಸುಮಾರು 10.1 ಕೋಟಿ. ಕಾಯಿಲೆಯ ಹೊಸ್ತಿಲಲ್ಲಿ ನಿಂತವರು ಇನ್ನೂ 13.6 ಕೋಟಿ. ಹೊಟ್ಟೆಯ ಸುತ್ತ ಬೊಜ್ಜು ಇರುವ ವಯಸ್ಕರು ನೂರಕ್ಕೆ ಹೆಚ್ಚು ಕಡಿಮೆ 40. ಅಂಕಿ ಅಂಶ ಬೇಡವಾದರೆ ನಮ್ಮ ಮನೆಗಳ ಫ್ರಿಜ್ಜಿನ ಮೇಲೆ ಕಣ್ಣು ಹಾಯಿಸಿದರೂ ಸಾಕು. ಅಲ್ಲಿ ಮಾತ್ರೆಯ ಪಟ್ಟಿ ಇಲ್ಲದ ಮನೆ ಹುಡುಕಬೇಕು.

ಚಾದ ಲೆಕ್ಕವನ್ನೇ ತೆಗೆದುಕೊಳ್ಳಿ. ಒಂದು ಚಮಚ ಸಕ್ಕರೆ ಸುಮಾರು 5 ಗ್ರಾಂ. ಎರಡು ಚಮಚದ ಐದು ಲೋಟ ಚಾ ಎಂದರೆ 50 ಗ್ರಾಂ. ದಿನಕ್ಕೆ ಎರಡು ಸಾವಿರ ಕ್ಯಾಲರಿ ಉಣ್ಣುವ ಒಬ್ಬ ವಯಸ್ಕನಿಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹಾಕಿಕೊಟ್ಟ ಗರಿಷ್ಠ ಮಿತಿಯೇ ಅಷ್ಟು. ಅದರ ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎಂದೂ ಅದು ಹೇಳಿದೆ. ನಮ್ಮಲ್ಲಿ ಬಿಸ್ಕತ್ತು, ಹಲ್ವ, ಪಾಯಸ ಬರುವ ಮೊದಲೇ, ಬರೀ ಚಾದಲ್ಲಿ ಆ ಮಿತಿ ಮುಗಿದು ಹೋಗಿರುತ್ತದೆ.

ಹನ್ನೊಂದು ಗಂಟೆಯ ಹಸಿವೆ

‘ಆದರೆ ನನಗೆ ಹನ್ನೊಂದು ಗಂಟೆಗೆ ನಿಜವಾಗಿಯೂ ಹಸಿವಾಗುತ್ತದೆ’ ಎನ್ನುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. 1999ರಲ್ಲಿ ಜಪಾನಿನ ವಿಜ್ಞಾನಿಗಳಾದ ಕೊಜಿಮಾ ಮತ್ತು ಕಂಗಾವಾ ಅವರ ತಂಡ ಘ್ರೆಲಿನ್ ಎಂಬ ಹಾರ್ಮೋನನ್ನು ಪತ್ತೆ ಮಾಡಿತು. ಇದು ಹೆಚ್ಚಾಗಿ ಹುಟ್ಟುವುದು ಜಠರದಲ್ಲಿ. ರಕ್ತದಲ್ಲಿ ಇದು ಏರಿದಾಗ ಮಿದುಳಿಗೆ ‘ತಿನ್ನು’ ಎಂಬ ಸುದ್ದಿ ಹೋಗುತ್ತದೆ. ನಂತರದ ಅಧ್ಯಯನಗಳಲ್ಲಿ ಕಂಡ ಸಂಗತಿ ನಮಗೆ ಮುಖ್ಯ. ನಾವು ದಿನಾ ಯಾವ ಹೊತ್ತಿಗೆ ತಿನ್ನುತ್ತೇವೆಯೋ ಆ ಹೊತ್ತಿಗೆ ಸ್ವಲ್ಪ ಮುಂಚೆ ಘ್ರೆಲಿನ್ ತಾನಾಗಿ ಏರುತ್ತದೆ. ತಿನ್ನದೆ ಬಿಟ್ಟರೆ ಅದು ಏರುತ್ತಲೇ ಹೋಗುವುದೂ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ಕಡಲಿನ ತೆರೆಯ ಹಾಗೆ ಇಳಿದು ಹೋಗುತ್ತದೆ.

ಇದನ್ನು ಪುಸ್ತಕ ಓದಿ ನಂಬಬೇಕಾದ ಅಗತ್ಯ ನಮಗಿಲ್ಲ. ವರ್ಷಕ್ಕೊಮ್ಮೆ ಒಂದು ತಿಂಗಳು ಇದನ್ನು ಅನುಭವಿಸಿದವರು ನಾವು. ರಮಝಾನಿನ ಮೊದಲ ಎರಡು ದಿನ ಹನ್ನೊಂದು ಗಂಟೆಗೆ ತಲೆ ಹಿಡಿಯುತ್ತದೆ, ಚಾದ ನೆನಪಾಗುತ್ತದೆ. ಹನ್ನೆರಡಾಗುವಾಗ ಅದು ಎಲ್ಲಿ ಹೋಯಿತೋ ಗೊತ್ತಿಲ್ಲ. ಒಂದು ವಾರ ಕಳೆದ ಮೇಲೆ ಹನ್ನೊಂದು ಗಂಟೆ ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ. ಹದಿಮೂರು ಗಂಟೆ ನೀರೂ ಇಲ್ಲದೆ ಇದ್ದು, ಅಂಗಡಿ ನಡೆಸಿ, ಅಡುಗೆ ಮಾಡಿ, ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿ, ರಾತ್ರಿ ತರಾವೀಹ್ ಕೂಡ ಮುಗಿಸುವ ಮನುಷ್ಯನಿಗೆ ಶವ್ವಾಲಿನಲ್ಲಿ ಒಂದು ಬಿಸ್ಕತ್ತು ಬೇಡ ಎನ್ನಲು ಆಗುವುದಿಲ್ಲ. ಯಾಕೆ ಹೀಗೆ?

ಮನಸ್ಸಿನ ಬಲ ಕಡಿಮೆಯಾಯಿತು ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ನೋಂಬಿನ ದಿನ ಮನೆಯೊಳಗೆ ಏನೇನು ಬದಲಾಗಿತ್ತು ಎಂದು ನೋಡಿ. ನಿಯ್ಯತ್ ಇತ್ತು, ಇಬಾದತ್ ಎಂಬ ಅರಿವು ಇತ್ತು. ಅದರ ಜೊತೆಗೆ ಹನ್ನೊಂದು ಗಂಟೆಗೆ ಒಲೆ ತಣ್ಣಗಿತ್ತು. ಯಾರೂ ಚಾ ಬೇಕಾ ಅಂತ ಕೇಳಲಿಲ್ಲ. ಎದುರಿಗೆ ಕೂತು ತಿನ್ನುವವರಿರಲಿಲ್ಲ. ಬಿಸ್ಕತ್ತಿನ ಡಬ್ಬಿ ಮೇಲಿನ ಕಪಾಟಿಗೆ ಹೋಗಿತ್ತು. ಅಂದರೆ ಒಬ್ಬನ ಪ್ರಯತ್ನಕ್ಕೆ ಇಡೀ ಮನೆ ಒತ್ತಾಸೆಯಾಗಿ ನಿಂತಿತ್ತು. ಹಬ್ಬ ಕಳೆದ ಮರುದಿನ ಒಲೆ, ಡಬ್ಬಿ, ಗಡಿಯಾರ ಎಲ್ಲ ಹಳೆಯ ಜಾಗಕ್ಕೆ ಬಂದವು. ಅಭ್ಯಾಸವೂ ಬಂತು.

ಈ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಹಸಿವಿಲ್ಲದೆ ತಿನ್ನುವುದು ಒಬ್ಬರ ದೌರ್ಬಲ್ಯಕ್ಕಿಂತ ಹೆಚ್ಚಾಗಿ ಒಂದು ಮನೆಯ ಪದ್ಧತಿ. ಅದನ್ನು ಬಿಡಿಸಬೇಕಾದರೆ ಮನೆಯೇ ಸ್ವಲ್ಪ ಜರುಗಿ ಕೂರಬೇಕು.

ಜಾಗ ಮತ್ತು ಕೈ

2011ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡೇವಿಡ್ ನೀಲ್, ವೆಂಡಿ ವುಡ್ ಮತ್ತಿತರರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಸಿನೆಮಾ ನೋಡಲು ಬಂದವರಿಗೆ ಪಾಪ್‌ಕಾರ್ನ್ ಕೊಟ್ಟರು. ಕೆಲವರಿಗೆ ಆಗತಾನೇ ಮಾಡಿದ್ದು, ಕೆಲವರಿಗೆ ಒಂದು ವಾರ ಹಳೆಯದು, ಮೆತ್ತಗಾದದ್ದು. ಸಿನೆಮಾದಲ್ಲಿ ಪಾಪ್‌ಕಾರ್ನ್ ತಿಂದು ಚೆನ್ನಾಗಿ ರೂಢಿಯಿದ್ದವರು ಹಳೆಯದನ್ನೂ ಹೊಸದರಷ್ಟೇ ತಿಂದರು. ರುಚಿ ಚೆನ್ನಾಗಿಲ್ಲ ಎಂದು ಅವರೇ ಹೇಳಿದರು, ಆದರೂ ತಿಂದರು. ಅಂಥವರನ್ನೇ ಸಭೆ ನಡೆಸುವ ಕೋಣೆಯಲ್ಲಿ ಕೂರಿಸಿ ಬೇರೆ ವೀಡಿಯೊ ತೋರಿಸಿದಾಗ ಹಳೆಯ ಪಾಪ್‌ಕಾರ್ನ್ ತಟ್ಟೆಯಲ್ಲೇ ಉಳಿಯಿತು. ತಿನ್ನಿಸುತ್ತಿದ್ದದ್ದು ರುಚಿಯೂ ಅಲ್ಲ, ಹಸಿವೆಯೂ ಅಲ್ಲ. ಆ ಕುರ್ಚಿ, ಆ ಕತ್ತಲೆ, ಆ ಪರದೆ.

ಅದೇ ಪ್ರಯೋಗದ ಇನ್ನೊಂದು ಭಾಗದಲ್ಲಿ, ರೂಢಿಯಿಲ್ಲದ ಕೈಯಿಂದ ತಿನ್ನಲು ಹೇಳಿದಾಗಲೂ ಅಭ್ಯಾಸ ಮುರಿಯಿತು. ಎಡಗೈಯಲ್ಲಿ ತಿನ್ನುವುದು ನಮಗೆ ಹೇಳಿದ ಉಪಾಯವಲ್ಲ. ಆದರೆ ಅದರ ಒಳಗಿನ ಮರ್ಮ ನಮಗೂ ಬೇಕು. ಕೈ ತನ್ನಷ್ಟಕ್ಕೆ ಡಬ್ಬಿಗೂ ಬಾಯಿಗೂ ಓಡಾಡುವುದನ್ನು ಒಂದು ಕ್ಷಣ ತಡೆದರೆ, ಆ ಒಂದು ಕ್ಷಣದಲ್ಲಿ ಮನುಷ್ಯ ಎಚ್ಚರಗೊಳ್ಳುತ್ತಾನೆ. ಪ್ಯಾಕೆಟಿನಿಂದ ನೇರವಾಗಿ ತಿನ್ನದೆ ತಟ್ಟೆಗೆ ಹಾಕಿಕೊಳ್ಳುವುದು, ನಿಂತಲ್ಲಿ ತಿನ್ನದೆ ಕೂತು ತಿನ್ನುವುದು, ಬಿಸ್ಮಿ ಹೇಳಿ ಶುರು ಮಾಡುವುದು. ಚಿಕ್ಕಂದಿನಲ್ಲಿ ಮದರಸದಲ್ಲಿ ಕಲಿತ ಈ ಅದಬುಗಳು ಊಟದ ಹೊತ್ತಿಗೆ ನೆನಪಿರುತ್ತವೆ. ಚಿಪ್ಸಿನ ಪ್ಯಾಕೆಟು ಹರಿದಾಗ, ಕಪಾಟಿನ ಎದುರು ನಿಂತು ಗೇರುಬೀಜ ಬಾಯಿಗೆಸೆದಾಗ ನೆನಪಾಗುವುದಿಲ್ಲ. ಪ್ರತಿ ತಿನಿಸಿಗೂ ಕೂತು, ತಟ್ಟೆ ಇಟ್ಟು, ಬಿಸ್ಮಿ ಹೇಳುವುದು ಎಂದು ನಿರ್ಧರಿಸಿದರೆ ಅರ್ಧಕ್ಕರ್ಧ ತಿನಿಸು ತಾನಾಗಿ ನಿಲ್ಲುತ್ತದೆ.

ಡಬ್ಬಿಯ ಜಾಗವನ್ನೂ ಬದಲಿಸಿ. ಅಡುಗೆಮನೆಯ ಕಟ್ಟೆಯ ಮೇಲೆ, ಕಣ್ಣೆದುರು, ಪಾರದರ್ಶಕ ಭರಣಿಯಲ್ಲಿ ಖಾರ, ರಸ್ಕು, ಬಿಸ್ಕತ್ತು ಇಡುವುದು ಬಂದವರಿಗೆ ಬೇಗ ಕೊಡಲು ಅನುಕೂಲ, ನಿಜ. ಬರುವವರು ವಾರಕ್ಕೆ ಎರಡು ಸಲ. ಮನೆಯವರು ಅದರ ಎದುರಿನಿಂದ ಹಾದು ಹೋಗುವುದು ದಿನಕ್ಕೆ ನಲುವತ್ತು ಸಲ. ಅದನ್ನು ಮುಚ್ಚಿದ ಕಪಾಟಿನ ಮೇಲಿನ ಅಂತಸ್ತಿಗೆ ಏರಿಸಿ, ಆ ಜಾಗದಲ್ಲಿ ಬಾಳೆಹಣ್ಣು, ಪೇರಳೆ, ಒಂದು ಹೂಜಿ ನೀರು ಇಡಿ.

ನೆನಪಿಗೆ ಬಾರದ ತಿನಿಸು

ಇನ್ನೊಂದು ವಿಚಿತ್ರ ಸಂಗತಿ ಕೇಳಿ. ಹೊಟ್ಟೆ ತುಂಬಿತು ಎಂದು ಹೇಳುವುದು ಹೊಟ್ಟೆ ಮಾತ್ರ ಅಂತ ನಾವು ತಿಳಿದಿದ್ದೇವೆ. 1998ರಲ್ಲಿ ಅಮೆರಿಕದ ಪಾಲ್ ರೋಝಿನ್ ಮತ್ತು ಸಂಗಡಿಗರು ನೆನಪಿನ ಶಕ್ತಿಯನ್ನು ಪೂರ್ತಿ ಕಳೆದುಕೊಂಡ ಇಬ್ಬರು ರೋಗಿಗಳನ್ನು ಗಮನಿಸಿದರು. ಊಟ ಮುಗಿದು ಅರ್ಧ ಗಂಟೆಯೊಳಗೆ, ಈಗ ಊಟದ ಹೊತ್ತು ಎಂದು ಹೇಳಿ ಮತ್ತೊಂದು ಊಟ ಇಟ್ಟರು. ಇಬ್ಬರೂ ಅದನ್ನೂ ಉಂಡರು. ಮೂರನೆಯದಕ್ಕೂ ಕೈ ಹಾಕಿದ್ದುಂಟು. ತಿಂದದ್ದು ನೆನಪಿಲ್ಲದಿದ್ದರೆ ತಿಂದ ತೃಪ್ತಿಯೂ ಉಳಿಯುವುದಿಲ್ಲ.

ನಮ್ಮ ನೆನಪು ಚೆನ್ನಾಗಿಯೇ ಇದೆ. ಆದರೂ ಟಿವಿ ನೋಡುತ್ತಾ, ರೀಲ್ಸ್ ಜಾರಿಸುತ್ತಾ, ಅಡುಗೆಮನೆಯಲ್ಲಿ ನಿಂತು, ಫೋನಿನಲ್ಲಿ ಮಾತಾಡುತ್ತಾ ತಿಂದದ್ದು ನೆನಪಿನಲ್ಲಿ ದಾಖಲಾಗುವುದಿಲ್ಲ. ಬೊಜ್ಜು ಏರುತ್ತಿದೆ ಎಂದು ಡಾಕ್ಟರ ಎದುರು ಕೂತ ಎಷ್ಟೋ ಹೆಂಗಸರು ‘ನಾನು ಏನೂ ತಿನ್ನುವುದೇ ಇಲ್ಲ ಡಾಕ್ಟ್ರೇ, ಮಧ್ಯಾಹ್ನ ಒಂದು ಹಿಡಿ ಅನ್ನ’ ಎನ್ನುತ್ತಾರೆ. ಅವರು ನಿಜವನ್ನೇ ಹೇಳುತ್ತಿದ್ದಾರೆ. ಕೂತು ತಿಂದದ್ದು ಅಷ್ಟೇ. ನಿಂತು ತಿಂದದ್ದು ಲೆಕ್ಕಕ್ಕೆ ಬಂದಿಲ್ಲ.

ಮೂರು ದಿನ ಒಂದು ಹಳೆಯ ನೋಟು ಪುಸ್ತಕವನ್ನು ಅಡುಗೆಮನೆಯಲ್ಲಿಡಿ. ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ. ಪಕ್ಕದಲ್ಲಿ ಹಸಿವಿತ್ತಾ, ಇಲ್ಲವಾ ಅಂತ ಒಂದು ಗುರುತು. ಯಾರಿಗೂ ತೋರಿಸಬೇಕಾಗಿಲ್ಲ. ಮೂರನೇ ದಿನ ಸಂಜೆ ಆ ಪುಟ ನೋಡಿದರೆ ನಿಮ್ಮ ಅಭ್ಯಾಸದ ಬೇರು ಎಲ್ಲಿದೆ ಎಂದು ನಿಮಗೇ ಕಾಣುತ್ತದೆ. ಒಬ್ಬರಿಗೆ ಅದು ಹನ್ನೊಂದು ಗಂಟೆಯ ಚಾ. ಇನ್ನೊಬ್ಬರಿಗೆ ಮಕ್ಕಳ ತಟ್ಟೆ. ಮತ್ತೊಬ್ಬರಿಗೆ ರಾತ್ರಿ ಹತ್ತೂವರೆ.

ಹಸಿವೆಯೋ ಬರೀ ಬಾಯಿಚಪಲವೋ ಎಂದು ಗೊತ್ತಾಗದಿದ್ದರೆ ನಮ್ಮ ಊರಿನ ಒಂದು ಸುಲಭದ ಪರೀಕ್ಷೆ ಉಂಟು. ‘ಈಗ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಕೊಟ್ಟರೆ ಉಣ್ಣುತ್ತೇನಾ?’ ಅಂತ ಕೇಳಿಕೊಳ್ಳಿ. ಹೌದು ಎಂದಾದರೆ ಅದು ಹಸಿವೆ, ಕೂತು ಉಣ್ಣಿ. ‘ಗಂಜಿ ಬೇಡ, ಸಮೋಸ ಆದರೆ ಆಗಬಹುದು’ ಎಂದಾದರೆ ಕೇಳುತ್ತಿರುವುದು ನಾಲಗೆ. ಒಂದು ಲೋಟ ನೀರು ಕುಡಿದು ಇಪ್ಪತ್ತು ನಿಮಿಷ ಬೇರೆ ಕೆಲಸ ಹಿಡಿಯಿರಿ. ತೆರೆ ಇಳಿಯುತ್ತದೆ.

ಉಳಿದದ್ದು ಯಾರ ಹೊಟ್ಟೆಗೆ?

ನಮ್ಮ ಮನೆಗಳಲ್ಲಿ ಹಸಿವಿಲ್ಲದೆ ತಿನ್ನುವವರಲ್ಲಿ ಮೊದಲ ಸ್ಥಾನ ಅಡುಗೆ ಮಾಡುವವಳಿಗೆ. ಅನ್ನ ಚೆಲ್ಲಬಾರದು, ಬರಕತ್ ಹೋಗುತ್ತದೆ ಎಂಬ ಮಾತು ಅವಳ ರಕ್ತದಲ್ಲಿದೆ. ಮಗು ಬಿಟ್ಟ ಪುಂಡಿ, ಮಗ ಬಿಟ್ಟ ಅನ್ನ, ಗಂಡ ಬೇಡ ಎಂದ ಕೊನೆಯ ಮೀನು, ಎಲ್ಲವೂ ಕೊನೆಗೆ ಅವಳ ಪಾಲು. ಅವಳು ತನ್ನ ಊಟ ಮುಗಿಸಿರುತ್ತಾಳೆ. ಆದರೂ ಕಸದ ಬುಟ್ಟಿಗೆ ಹಾಕಲು ಕೈ ಬರುವುದಿಲ್ಲ.

ಅವಳ ಭಯಭಕ್ತಿ ದೊಡ್ಡದು. ಅದನ್ನು ಹಗುರವಾಗಿ ಮಾತಾಡಬಾರದು. ಆದರೆ ಒಂದು ಮಾತು ಯೋಚಿಸಬೇಕು. ಬೇಡದ ಅನ್ನ ಬುಟ್ಟಿಗೆ ಹೋದರೆ ನಷ್ಟ, ಬೇಡದ ದೇಹಕ್ಕೆ ಹೋದರೆ ಅದು ಉಳಿತಾಯವಾ? ಮುಂದೆ ಅದೇ ದೇಹದ ಶುಗರಿಗೆ, ಮಂಡಿನೋವಿಗೆ ತಿಂಗಳು ತಿಂಗಳು ಮೆಡಿಕಲ್‌ಗೆ ಹಣ ಕೊಡುವಾಗ ಲೆಕ್ಕ ತಿಳಿಯುತ್ತದೆ. ಇಸ್ರಾಫ್ ಎಂಬ ಪದವನ್ನು ನಾವು ಚೆಲ್ಲುವುದಕ್ಕೆ ಮಾತ್ರ ಬಳಸುತ್ತೇವೆ. ಕುರ್‌ಆನಿನ ಅಲ್ ಅಅ್‌ರಾಫ್ ಅಧ್ಯಾಯದ 31ನೇ ವಚನದಲ್ಲಿ ಆ ಎಚ್ಚರಿಕೆ ಬಂದಿರುವುದು ತಿನ್ನುವುದು, ಕುಡಿಯುವುದರ ಜೊತೆಯಲ್ಲೇ. ಹೊಟ್ಟೆಯಲ್ಲಿ ಆಹಾರಕ್ಕೆ, ನೀರಿಗೆ, ಉಸಿರಿಗೆ ಒಂದೊಂದು ಪಾಲು ಎಂಬ ಅರ್ಥದ ಪ್ರವಾದಿ(ಸ)ಯವರ ಮಾತು ತಿರ್ಮಿದಿಯಲ್ಲಿದೆ. ಅದನ್ನು ಜುಮಾ ಭಾಷಣದಲ್ಲಿ ಕೇಳದವರಿಲ್ಲ. ನಮಗೆ ಗೊತ್ತಿಲ್ಲದ್ದು ಏನೂ ಇಲ್ಲ. ಗೊತ್ತಿದ್ದದ್ದಕ್ಕೆ ಅಡುಗೆಮನೆಯಲ್ಲಿ ಜಾಗ ಮಾಡಿಕೊಟ್ಟಿಲ್ಲ, ಅಷ್ಟೇ.

ಜಾಗ ಮಾಡುವುದು ಹೇಗೆ? ಉಳಿಯುವುದನ್ನು ಮೊದಲಲ್ಲೇ ತಡೆಯಬೇಕು. ಮಕ್ಕಳ ತಟ್ಟೆಗೆ ಅರ್ಧ ಹಾಕಿ, ಬೇಕಾದರೆ ಮತ್ತೆ ಕೇಳಲಿ. ಕೈ ಹಾಕದ ಅನ್ನ, ಸಾರನ್ನು ಊಟಕ್ಕೆ ಕೂರುವ ಮುಂಚೆಯೇ ಒಂದು ಡಬ್ಬಿಗೆ ತೆಗೆದು ಫ್ರಿಜ್ಜಿನಲ್ಲಿಡಿ, ಇಲ್ಲವೇ ಬೇಕಾದವರಿಗೆ ತಲುಪಿಸಿ. ತಟ್ಟೆಯಲ್ಲೇ ಉಳಿದುಹೋದದ್ದು ಕೋಳಿಗೆ, ಬೆಕ್ಕಿಗೆ, ತೆಂಗಿನ ಬುಡಕ್ಕೆ ಹೋಗಲಿ. ಅದೂ ಹಾಳಾದ ಲೆಕ್ಕವಲ್ಲ. ಮನೆಯ ಗಂಡಸರು, ಮಕ್ಕಳು ಒಂದು ಕೆಲಸ ಮಾಡಬಹುದು. ತಾವು ಬಡಿಸಿಕೊಂಡದ್ದನ್ನು ತಾವೇ ಮುಗಿಸುವುದು. ತಟ್ಟೆಯಲ್ಲಿ ಉಳಿಸಿ ಎದ್ದು ಹೋಗುವವರಿಗೆ ಗೊತ್ತಿರಲಿ, ಅದು ಹೋಗುವುದು ಉಮ್ಮನ ಹೊಟ್ಟೆಗೆ.

ಒತ್ತಾಯದ ಪ್ರೀತಿ

ಸುಪ್ರ ಹಾಸಿ, ಸುತ್ತ ಕೂತು, ಒಂದೇ ತಟ್ಟೆಯಿಂದ ಉಣ್ಣುವ ನಮ್ಮ ಪದ್ಧತಿಯಲ್ಲಿ ಒಂದು ಸೌಂದರ್ಯ ಇದೆ. ಅಲ್ಲಿ ಒಬ್ಬರು ಕೈ ತೆಗೆದರೆ ಉಳಿದವರಿಗೂ ಸಂಕೋಚ. ಅದಕ್ಕೇ ಹಸಿವೆ ತೀರಿದವರೂ ಕೈ ಆಡಿಸುತ್ತಾ ಕೂರುತ್ತಾರೆ. ಪುದಿಯಾಪ್ಲನನ್ನು ಒಂದೊಂದು ಮನೆಗೂ ಕರೆದು ಮೇಜು ತುಂಬಿಸುವಾಗ, ಗಲ್ಫಿನಿಂದ ಬಂದ ಮಗನಿಗೆ ಮೂವತ್ತು ದಿನದ ರಜೆಯಲ್ಲಿ ಮೂವತ್ತು ಮನೆಯ ಔತಣ ಆಗುವಾಗ, ‘ಬೇಡ’ ಎಂಬ ಮಾತಿಗೆ ಬೆಲೆಯೇ ಇಲ್ಲ. ಬೇಡ ಎಂದರೆ ನಾಚಿಕೆ ಅಂತ ಅರ್ಥ. ಸಾಕು ಎಂದರೆ ಇನ್ನೊಂದು ಸೌಟು ಅಂತ ಅರ್ಥ. ತಿನ್ನದಿದ್ದರೆ ಅಡುಗೆ ಚೆನ್ನಾಗಿಲ್ಲ ಅಂತ ಅರ್ಥ.

ಮಾರಾಯ್ರೆ, ಬಂದ ನೆಂಟನಿಗೆ ಶುಗರ್ ಇರಬಹುದು. ಆತ ಈಗಾಗಲೇ ಎರಡು ಮನೆ ಮುಗಿಸಿ ಬಂದಿರಬಹುದು. ‘ಸಾಕು’ ಎಂದಾಗ ಒಮ್ಮೆ ಮಾತ್ರ ಒತ್ತಾಯ ಮಾಡಿ, ಎರಡನೇ ಸಲ ಬಿಟ್ಟುಬಿಡುವುದನ್ನು ನಾವು ಮರ್ಯಾದೆ ಎಂದು ಒಪ್ಪಿಕೊಳ್ಳಬೇಕಾಗಿದೆ. ಬಡಿಸುವ ಸೌಟನ್ನು ಅತಿಥಿಯ ಕೈಗೇ ಕೊಡುವುದು ಇನ್ನೂ ಒಳ್ಳೆಯದು. ಬೇಕಾದಷ್ಟು ಆತನೇ ಹಾಕಿಕೊಳ್ಳಲಿ.

ನೆಂಟನ ಕಡೆಯಿಂದಲೂ ಒಂದು ಉಪಾಯ. ಖಾಲಿ ತಟ್ಟೆ ಮುಂದಿಟ್ಟುಕೊಂಡು ‘ಬೇಡ’ ಎನ್ನುವವರನ್ನು ಯಾರೂ ಬಿಡುವುದಿಲ್ಲ. ಮೊದಲೇ ಸ್ವಲ್ಪ ಹಾಕಿಸಿಕೊಂಡು ನಿಧಾನವಾಗಿ ತಿನ್ನುವವರನ್ನು ಬಿಡುತ್ತಾರೆ. ‘ನಿಮ್ಮ ಮನೆಯ ಕಲ್ತಪ್ಪ ಚೆನ್ನಾಗಿದೆ, ಎರಡು ತುಂಡು ಕಟ್ಟಿಕೊಡಿ, ಮನೆಯಲ್ಲಿ ತಿನ್ನುತ್ತೇನೆ’ ಎಂದರೆ ಮಾಡಿದವರ ಮನಸ್ಸೂ ತುಂಬುತ್ತದೆ, ನಿಮ್ಮ ಹೊಟ್ಟೆಯೂ ಉಳಿಯುತ್ತದೆ.

ಮಕ್ಕಳ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಅಳುವ ಮಗುವಿಗೆ ಬಿಸ್ಕತ್ತು, ಹಟ ಮಾಡಿದರೆ ಚಾಕಲೇಟು, ಮೊಬೈಲ್ ತೋರಿಸುತ್ತಾ ಬಾಯಿ ತುಂಬಾ ಅನ್ನ. ಹೀಗೆ ಬೆಳೆದ ಮಗು ಬೇಸರಕ್ಕೂ ಸಿಟ್ಟಿಗೂ ಮದ್ದು ತಿನಿಸು ಎಂದು ಕಲಿಯುತ್ತದೆ. ಸಾಕು ಎಂದು ಮುಖ ತಿರುಗಿಸುವ ಆರೋಗ್ಯವಂತ ಮಗು ತನ್ನ ಹೊಟ್ಟೆಯ ಮಾತು ಕೇಳುತ್ತಿದೆ. ನಾವು ದೊಡ್ಡವರು ಕಳೆದುಕೊಂಡದ್ದು ಅದರ ಹತ್ತಿರ ಇನ್ನೂ ಇದೆ.

ರಾತ್ರಿ ಹತ್ತೂವರೆ

ಹಗಲು ಗಟ್ಟಿಯಾಗಿ ನಿಂತವರು ರಾತ್ರಿ ಸೋಲುತ್ತಾರೆ. ಇದಕ್ಕೆ ನಿದ್ದೆಯೂ ಕಾರಣ. 2004ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ 12 ಯುವಕರ ಮೇಲೆ ನಡೆದ ಅಧ್ಯಯನದಲ್ಲಿ, ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿದಾಗ ಹಸಿವೆಯ ಘ್ರೆಲಿನ್ ಶೇ. 28ರಷ್ಟು ಏರಿತ್ತು. ಸಾಕು ಎಂದು ಹೇಳುವ ಲೆಪ್ಟಿನ್ ಎಂಬ ಹಾರ್ಮೋನು ಶೇ. 18ರಷ್ಟು ಇಳಿದಿತ್ತು. ಮದುವೆಯ ಸೀಸನಿನಲ್ಲಿ ಮೆಹಂದಿ, ಔತಣ ಅಂತ ನಡುರಾತ್ರಿ ದಾಟಿ ಮಲಗುವ ನಮಗೆ ಮರುದಿನ ಇಡೀ ಬಾಯಿ ಆಡಿಸಬೇಕು ಎನಿಸುವುದು ಇದರಿಂದಲೇ.

ರಾತ್ರಿಯ ತಿನಿಸಿಗೆ ಇನ್ನೊಂದು ಕಾರಣ ಹೇಳಲು ಕಷ್ಟವಾದದ್ದು. ಒಂಟಿತನ. ದಮ್ಮಾಮಿನ, ದುಬೈಯ ಕೋಣೆಯಲ್ಲಿ ಡ್ಯೂಟಿ ಮುಗಿಸಿ ಬಂದು, ಊರಿಗೆ ವೀಡಿಯೊ ಕಾಲ್ ಮಾಡಿ ಇಟ್ಟ ಮೇಲೆ, ಹಸಿವಿಲ್ಲದಿದ್ದರೂ ಪರೋಟ ತರಿಸುವ ಮಗ. ಇಲ್ಲಿ ಮಕ್ಕಳನ್ನು ಮಲಗಿಸಿ, ಅದೇ ಕಾಲ್ ಮುಗಿಸಿ, ಅಡುಗೆಮನೆಯ ದೀಪ ಹಾಕುವ ಅವನ ಹೆಂಡತಿ. ಮಕ್ಕಳೆಲ್ಲ ಹೊರದೇಶದಲ್ಲಿರುವಾಗ ದೊಡ್ಡ ಮನೆಯಲ್ಲಿ ಒಬ್ಬಳೇ ಕೂತ ಉಮ್ಮ. ಇವರಿಗೆ ಡಯೆಟ್ ಚಾರ್ಟ್ ಕೊಟ್ಟು ಏನು ಪ್ರಯೋಜನ? ಅವರಿಗೆ ಬೇಕಾದದ್ದು ಮಾತು. ಆ ಹೊತ್ತಿಗೆ ಒಬ್ಬ ಗೆಳತಿಗೆ ಫೋನು, ಮನೆಯವರೊಂದಿಗೆ ಅಂಗಳದಲ್ಲಿ ಹತ್ತು ನಿಮಿಷ ನಡಿಗೆ, ಒಂದಿಷ್ಟು ಓದು, ದ್ಸಿಕ್ರ್, ಕೈಗೆ ಹೊಲಿಗೆಯ ಕೆಲಸ. ಇವು ತುತ್ತಿನ ಜಾಗವನ್ನು ನಿಧಾನವಾಗಿ ತುಂಬುತ್ತವೆ. ಹಲ್ಲುಜ್ಜಿ ಅಡುಗೆಮನೆಯ ದೀಪ ಆರಿಸುವುದನ್ನು ಇಶಾದ ಊಟಕ್ಕೆ ಅಂಟಿಸಿಕೊಂಡರೆ ಅಡುಗೆಮನೆ ಮುಚ್ಚಿತು ಎಂಬ ಸುದ್ದಿ ಮನಸ್ಸಿಗೂ ಮುಟ್ಟುತ್ತದೆ.

ಎಷ್ಟು ದಿನ ಬೇಕು?

ಒಂದೇ ದಿನ ಎಲ್ಲವನ್ನೂ ಬಿಡಲು ಹೊರಟವರು ನಾಲ್ಕನೇ ದಿನ ಎಲ್ಲವನ್ನೂ ಮತ್ತೆ ಹಿಡಿಯುತ್ತಾರೆ. ನಿಮ್ಮ ನೋಟು ಪುಸ್ತಕದಲ್ಲಿ ಕಂಡದ್ದರಲ್ಲಿ ಒಂದನ್ನು ಮಾತ್ರ ಆರಿಸಿ. ಹನ್ನೊಂದರ ಚಾ ಎಂದಾದರೆ ಚಾ ಇರಲಿ, ಬಿಸ್ಕತ್ತು ಹೋಗಲಿ. ಅದು ರೂಢಿಯಾದ ಮೇಲೆ ಸಕ್ಕರೆ ಅರ್ಧ ಚಮಚ ಇಳಿಸಿ. ಅಂಗಡಿಯಲ್ಲಿ ಕೂರುವವರು ನಾಲ್ಕು ಗಂಟೆಯ ಚಾವನ್ನು ಹೋಟೆಲಿನ ಕರಿದ ತಿಂಡಿಯ ಗಾಜಿನ ಪೆಟ್ಟಿಗೆಯ ಎದುರು ನಿಂತು ಕುಡಿಯದೆ ಅಂಗಡಿಗೇ ತರಿಸಿಕೊಳ್ಳಿ. ಜಾಗ ಬದಲಾದರೆ ಗೋಳಿಬಜೆಯ ನೆನಪೂ ಕಡಿಮೆಯಾಗುತ್ತದೆ.

ಲಂಡನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ, ಕೆಲವರಿಗೆ 254 ದಿನ. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಹಾನಿಯಾಗಲಿಲ್ಲ ಎಂಬುದೂ ಅಲ್ಲಿ ಕಂಡಿತು. ನಮ್ಮ ರಮಝಾನ್ 29 ಅಥವಾ 30 ದಿನ. ಹಿಡಿದದ್ದನ್ನು ಹಬ್ಬದ ನಂತರ ಇನ್ನೊಂದು ಐದಾರು ವಾರ ಮುಂದುವರಿಸಿದರೆ ಬೇರು ಬಿಡುತ್ತದೆ. ಮದುವೆ ಮನೆಯಲ್ಲಿ ಒಂದು ದಿನ ಹೆಚ್ಚಾಯಿತು ಎಂದು ಬೇಸರಪಟ್ಟು ಕೈ ಬಿಡಬೇಡಿ. ಮರುದಿನ ಬೆಳಗ್ಗೆ ಹಳೆಯ ದಾರಿಗೆ ಬಂದರೆ ಆಯ್ತು.

ನೋಂಬು ತುರಿಯುವ ಹೊತ್ತಿನ ಬಗ್ಗೆ ಒಂದು ಮಾತು. ಹಗಲು ಗೆದ್ದದ್ದನ್ನು ಮಗ್ರಿಬಿನಲ್ಲಿ ಸೋಲುವುದು ನಮಗೆ ರೂಢಿ. ಖರ್ಜೂರ, ನೀರು, ಸ್ವಲ್ಪ ಗಂಜಿ ತೆಗೆದುಕೊಂಡು ಮಗ್ರಿಬ್ ನಮಾಝಿಗೆ ಎದ್ದು ಹೋಗಿ. ನಮಾಝ್ ಮುಗಿಸಿ ಬಂದು ಕೂತಾಗ ಕರಿದ ತಿಂಡಿಯ ತಟ್ಟೆಯ ಮೇಲಿನ ಆಸೆ ಅರ್ಧಕ್ಕೆ ಇಳಿದಿರುತ್ತದೆ. ಹೊಟ್ಟೆಯ ಸುದ್ದಿ ಮಿದುಳಿಗೆ ತಲುಪಲು ಆ ಬಿಡುವು ಬೇಕು.

ಇವರು ಡಾಕ್ಟರಲ್ಲಿ ಕೇಳಿ

ಶುಗರಿಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ತಿಂಡಿಯ ಹೊತ್ತನ್ನು ತಾವಾಗಿಯೇ ಬದಲಿಸಬಾರದು. ಅವರಿಗೆ ಕೈ ನಡುಗಿ, ಬೆವರು ಬಂದು, ಕಣ್ಣು ಕತ್ತಲಾದರೆ ಅದು ಶುಗರ್ ಇಳಿದ ಲಕ್ಷಣ ಇರಬಹುದು. ಆಗ ಗಂಜಿಯ ಪರೀಕ್ಷೆ ಮಾಡುತ್ತಾ ಕೂರದೆ ತಕ್ಷಣ ಸಕ್ಕರೆ ನೀರು ಕುಡಿಯಬೇಕು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಬೆಳೆಯುವ ಮಕ್ಕಳು, ತೂಕ ಇಳಿಯುತ್ತಿರುವ ವೃದ್ಧರು ಇವರ ಹಸಿವೆಯ ಲೆಕ್ಕವೇ ಬೇರೆ. ಇನ್ನು ಕೆಲವರು ಹೊಟ್ಟೆ ನೋಯುವವರೆಗೆ ತಡೆಯಲಾಗದೆ ತಿಂದು, ಆಮೇಲೆ ನಾಚಿಕೆಯಿಂದ ಮರೆಸುತ್ತಾರೆ. ಪದೇ ಪದೇ ಹೀಗಾದರೆ ಅದೊಂದು ಕಾಯಿಲೆ, ಚಿಕಿತ್ಸೆ ಉಂಟು. ಬೈಗುಳದಿಂದ ಅದು ಗುಣವಾಗುವುದಿಲ್ಲ.

ಉಳಿದ ನಾವೆಲ್ಲ ಇವತ್ತೇ ಶುರು ಮಾಡಬಹುದು. ಡಾಕ್ಟರು ತೂಕ ಇಳಿಸಲು ಹೇಳಿದ್ದು ಮನೆಯಲ್ಲಿ ಒಬ್ಬರಿಗೇ ಇರಬಹುದು, ಹೆಚ್ಚಾಗಿ ಅದು ಉಮ್ಮನಿಗೆ ಅಥವಾ ಬಾಪನಿಗೆ. ಅವರೊಬ್ಬರಿಗೆ ಬೇರೆ ತಟ್ಟೆ, ಬೇರೆ ಚಾ ಮಾಡಿ ಕೂರಿಸಿ, ನಾವು ಅವರ ಎದುರಿಗೇ ಸಮೋಸ ತಿನ್ನುವುದು ಬೇಡ. ಈ ವಾರ ಅಸರ್ ಕಳೆದು ಚಾಕ್ಕೆ ಕೂರುವಾಗ ಇಡೀ ಮನೆಗೆ ಒಂದೇ ಚಾ, ಜೊತೆಗೆ ಹೆಚ್ಚಿದ ಹಣ್ಣಿನ ಒಂದೇ ತಟ್ಟೆ ಇಡಿ. ಎಣ್ಣೆಯ ಬಾಣಲೆ ಕಪಾಟಿನಲ್ಲೇ ಇರಲಿ. ಯಾರಾದರೂ ‘ಇವತ್ತು ತಿಂಡಿ ಏನೂ ಇಲ್ಲವಾ?’ ಎಂದು ಕೇಳಿದರೆ, ‘ಹಸಿವಾಗಿದೆಯಾ?’ ಅಂತ ಪ್ರೀತಿಯಿಂದ ಕೇಳಿ. ಹೌದು ಎಂದರೆ ಹೊಟ್ಟೆ ತುಂಬಾ ಬಡಿಸಿ.